ಮಂತ್ರಿಸಿದ ದಾರ

ಲೇತ್ ಕಲಿಯಲು ಬಂದ ಹೆಂಗಸರೆಲ್ಲ ಬಳೆ, ಉಂಗುರ, ತಾಳಿ ಸರ ಬಿಚ್ಚಿಟ್ಟೇ ಮಷಿನ್ ಮುಟ್ಟಬೇಕೆಂದು ಹೊಸದಾಗಿ ಬಂದಿದ್ದ ಫೋರ್‌ಮನ್ ಮೊದಲ ದಿನವೇ ಹೇಳಿದ. ಸುತ್ತುವ ಮಷಿನ್ನಿಗೆ ಒಂದೆಳೆ ಸಿಕ್ಕಿದರೂ ಸಾಕು, ಆಳನ್ನೇ ಒಳಗೆಳೆದುಕೊಳ್ಳುತ್ತದೆ ಎಂದ. ಗೊಣಗುತ್ತಲೇ ಎಲ್ಲರೂ ಬಿಚ್ಚಿಟ್ಟರು. ಕುಸುಮ ಮಾತ್ರ ಮಣಿಕಟ್ಟಿನ ಕೆಂಪು ದಾರವನ್ನು ಅಂಗೈಯಿಂದ ಮುಚ್ಚಿಕೊಂಡಳು.

"ಇದೊಂದು ಇರ್ಲಿ ಸಾರ್. ಮಷಿನ್ನಿಂದ ನಂಗೇನೂ ಆಗ್ಬಾರ್ದು ಅಂತ ನಮ್ಮಮ್ಮ ಮಂತ್ರ ಹಾಕಿಸ್ಕೊಂಡು ಬಂದು ಕಟ್ಟಿರೋದು."

"ಆ ಯಮ್ಮನ್ನ ನೋಡಿ ಕಲಿ," ಎಂದು ಫೋರ್‌ಮನ್ ಪಕ್ಕದವಳನ್ನು ತೋರಿಸಿದ. "ನಾನು ಹೇಳೋಕೆ ಮುಂಚೆನೇ ಹೆಂಗೆ ಬಂದವ್ರೆ! ಕೈಲೂ ಏನಿಲ್ಲ, ಕತ್ತಲ್ಲೂ ಏನಿಲ್ಲ."

ಕುಸುಮಳಿಗೆ ಮೈಯೆಲ್ಲ ಉರಿಯಿತು. ಆ ಹೆಂಗಸು ಬೆಳಗಿನಿಂದ ಯಾರೊಂದಿಗೂ ಮಾತಾಡದೆ, ಕಿಟಕಿ ಪಕ್ಕದ ಲೇತನ್ನೇ ನೋಡುತ್ತ ನಿಂತಿದ್ದಳು.

"ಪಾಪ, ಅವರಿಗೆ ದಾರ ಕಟ್ಟೋರು ಯಾರೂ ಇಲ್ವೇನೋ," ಎಂದು ಕುಸುಮ ಚುಚ್ಚಿದಳು.

ಹೆಂಗಸು ಸಿಟ್ಟಾಗಲಿಲ್ಲ. ಮೇಜಿನ ಮೇಲಿದ್ದ ಕತ್ತರಿ ತೆಗೆದುಕೊಂಡು ಬಂದು, ಕುಸುಮಳ ಕೈ ಹಿಡಿದು, ದಾರವನ್ನು ಕತ್ತರಿಸಿಯೇಬಿಟ್ಟಳು.

"ಅಯ್ಯೋ, ರಕ್ಷೆ ದಾರ ಕಣ್ರೀ ಅದು!" ಕುಸುಮ ಕಿರುಚಿದಳು.

"ಗೊತ್ತು ಕಣವ್ವ," ಎಂದಳಾಕೆ, ಮತ್ತೆ ಕಿಟಕಿಯ ಕಡೆ ತಿರುಗಿ. "ಆ ಮಷಿನ್ ಮುಂದೆ ನಿಲ್ತಿದ್ದ ನಮ್ಮನೆಯವರ ಕೈಗೆ ನಾನೂ ಕಟ್ಟಿದ್ದೆ. ಅದು ಮೊದ್ಲು ಹಿಡ್ಕೊಂಡಿದ್ದು ಆ ದಾರನೇ."