ಕಿಟಕಿ ಇರುವ ಕೋಣೆಗಳು

ಅಡುಗೆಮನೆಯ ಹಿಂಗೋಡೆಗೆ ಕಿಟಕಿ ಬೇಕಿಲ್ಲ ಎಂದು ಸಾಬೀತು ಮಾಡಲೆಂದೇ ವಾಟಿ ರಿಡಾಕ್ ಆ ಭಾನುವಾರ ಕಂಪ್ಯೂಟರಿನ ಮುಂದೆ ಕೂತು ಅದೇ ಮನೆಯಲ್ಲಿ ಬಾಳಿದ ತನ್ನ ವಂಶದವರ ಹಳೆಯ ಜನಗಣತಿ ದಾಖಲೆಯನ್ನು ತೆರೆದ.

ಕಿಟಕಿ ಕೇಳಿದವಳು ಹೆಂಡತಿ ಇಶ್ಬೆಲ್. ಮದುವೆಯಾಗಿ ಬಂದಾಗಿನಿಂದ ಅವಳು ಪಾತ್ರೆ ತೊಳೆದದ್ದು ಕಲ್ಲುಗೋಡೆಗೆ ಮುಖ ಮಾಡಿಕೊಂಡು. ಗೋಡೆಯಾಚೆ ಬಾರ್ಲಿ ಹೊಲ, ಅದರಾಚೆ ಸಮುದ್ರ. ತೆನೆ ಹಳದಿಯಾದದ್ದು, ದೋಣಿ ಬಂದದ್ದು, ಪಕ್ಕದವರು ಹೊಸ ಕಾರು ತಂದದ್ದು ಎಲ್ಲವೂ ವಾಟಿಯ ಬಾಯಿಂದಲೇ ಅವಳಿಗೆ ತಿಳಿಯಬೇಕು. ವಾಟಿಯೋ, ಮಾತು ಕಡಿಮೆಯ ಮನುಷ್ಯ. ಈಗ ಪಕ್ಕದ ಮನೆಗೆ ಗಾರೆಯವನು ಬಂದಿದ್ದಾನೆ, ಹಾಗೇ ನಮಗೂ ಒಂದು ಕಿಟಕಿ ಇಡಿಸೋಣ ಎಂದು ಅವಳು ಅಂದಿದ್ದಕ್ಕೆ, ಈ ಮನೆಯ ಹೆಂಗಸರು ಯಾರೂ ಕೇಳದ್ದು ನಿನಗ್ಯಾಕೆ ಎಂದಿದ್ದ.

ಸ್ಕಾಟ್ಲೆಂಡಿನಲ್ಲಿ ಆಗ ಗಣತಿಗೆ ಬಂದವರು ಕಿಟಕಿ ಇರುವ ಕೋಣೆ ಎಷ್ಟು ಎಂದೂ ಬರೆದುಕೊಳ್ಳುತ್ತಿದ್ದರು. ೧೮೬೧: ಯಜಮಾನ ಅಲೆಕ್ಸಾಂಡರ್ ರಿಡಾಕ್, ಹೆಂಡತಿ ಎಲ್ಸ್‌ಪೆತ್, ಮಕ್ಕಳು ಏಳು. ಕಿಟಕಿ ಇರುವ ಕೋಣೆ ಎರಡು. ೧೮೭೧: ಅದೇ ಯಜಮಾನ, ಎರಡೇ. ಮನೆಗೆ ಇದ್ದದ್ದೇ ಮೂರು ಕೋಣೆ. ಮೂರನೆಯದು ಈ ಅಡುಗೆಮನೆ.

"ನೋಡಿದ್ಯಾ? ಏಳು ಮಕ್ಕಳನ್ನ ಸಾಕಿದ್ಲು ಪುಣ್ಯಾತ್ಗಿತ್ತಿ. ಒಂದು ದಿನ ಕಿಟಕಿ ಅಂದವಳಲ್ಲ."

"ಅನ್ನಲಿಲ್ಲ ಅಂತ ಎಲ್ಲಿ ಬರೆದಿದೆ? ಮುಂದಿನದು ತೆಗಿ."

೧೮೮೧: ಯಜಮಾನಿ ಎಲ್ಸ್‌ಪೆತ್, ವಿಧವೆ. ಕಿಟಕಿ ಇರುವ ಕೋಣೆ ಮೂರು.

ವಾಟಿ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಮೂರೇ.

"ಗಂಡ ಸಾಯೋವರೆಗೂ ಕಾದಿದ್ದಾಳೆ," ಎಂದಳು ಇಶ್ಬೆಲ್, ಅವನಿಗೆ ಚಹಾ ಬಗ್ಗಿಸುತ್ತ. "ನನಗಂತೂ ಅಷ್ಟು ತಾಳ್ಮೆ ಇಲ್ಲಪ್ಪ."

ವಾಟಿ ಬಾಯಿಯವರೆಗೆ ಒಯ್ದ ಕಪ್ಪನ್ನು ಒಂದು ಕ್ಷಣ ದಿಟ್ಟಿಸಿ, ಮೆಲ್ಲಗೆ ಕೆಳಗಿಟ್ಟ. ನಾಳೆಯೇ ಗಾರೆಯವನಿಗೆ ಹೇಳುತ್ತೇನೆ ಎಂದ. ಆದರೆ ಚಿಕ್ಕದು, ಒಂದು ಮುಖ ಕಾಣುವಷ್ಟಾದರೆ ಸಾಕು, ಇಲ್ಲಿನ ಗಾಳಿ ನಿನಗೆ ಗೊತ್ತಲ್ಲ ಎಂದೂ ಸೇರಿಸಿದ.

ಗೆದ್ದ ಖುಷಿ ಇಳಿದ ಮೇಲೆ ಇಶ್ಬೆಲ್‌ಗೆ ಹೊಳೆಯಿತು: ಹಾಗಾದರೆ ಆ ಕಿಟಕಿ ಈಗೆಲ್ಲಿ? ತಾನೇ ೧೮೯೧ ತೆರೆದಳು. ಯಜಮಾನ ಮಗ ವಿಲಿಯಂ, ಅವನ ಹೆಂಡತಿ, ಮಕ್ಕಳು. ಕಿಟಕಿ ಇರುವ ಕೋಣೆ ಎರಡು. ಎಲ್ಲರ ಕೆಳಗೆ, ಕೊನೆಯ ಸಾಲಿನಲ್ಲಿ: ಎಲ್ಸ್‌ಪೆತ್, ತಾಯಿ, ವಯಸ್ಸು ಎಪ್ಪತ್ತೊಂದು.

ಮುಚ್ಚಿಸಿದ್ದು ಅವಳ ಕಣ್ಣೆದುರಿಗೇ.

"ನಮ್ಮ ಮುತ್ತಜ್ಜ ವಿಲಿಯಂಗೆ ಚಳಿ ಆಗ್ತಿತ್ತೇನೋ," ಎಂದ ವಾಟಿ, ತೀರ ಸಣ್ಣ ದನಿಯಲ್ಲಿ.

ಇಶ್ಬೆಲ್ ಎದ್ದು ಹೋಗಿ ಗೋಡೆಯ ಮುಂದೆ ನಿಂತಳು. ಎರಡೂ ಕೈ ಚಾಚಿ ಅಳತೆ ತೋರಿಸಿದಳು. ಸಾಲದೆನಿಸಿ ಇನ್ನಷ್ಟು ಅಗಲಿಸಿದಳು.

"ಇಷ್ಟು ದೊಡ್ಡದು. ಮುಂದೆ ಯಾವನಾದ್ರೂ ಮುಚ್ಚೋಕೆ ಬಂದ್ರೆ, ಅವನಿಗೆ ಕಲ್ಲು ಸಾಲ್ಬಾರ್ದು."