ಮೊದಲ ಬಹುಮಾನದ ಮುಂಜಾವು

ಚೌಕಟ್ಟಿಗೆ ಸುತ್ತಿದ್ದ ಕಂದು ಕಾಗದ ಬಿಚ್ಚಿದ ಕೂಡಲೇ ಫೋಟೊ ತೆಗೆದ ಹುಡುಗಿ ಕೊಕ್ಕರೆ ಗಾಬರಿಗೊಂಡಳು. ಅಣ್ಣ ಬೇರೆ ಫೋಟೊ ಪ್ರಿಂಟ್ ಹಾಕಿದ್ದ.

ಬೇರೆ ಎಂದರೆ ಪೂರ್ತಿ ಬೇರೆಯಲ್ಲ. ಹಕ್ಕಿ ಅದೇ, ಮರಿ ಅದೇ. ಮರಳ ಮೇಲೆ ಬಾಯಿ ಅಗಲಿಸಿ ಕೂತ ಮರಿಗೆ ಕಡಲಹಕ್ಕಿ ಮೀನು ತಿನ್ನಿಸುತ್ತಿತ್ತು; ಮರಿಯ ಒಂದೊಂದು ತುಪ್ಪುಳವೂ ಹೊಂಬಣ್ಣದಲ್ಲಿ ಮಿನುಗುತ್ತಿತ್ತು. ಆದರೆ ಸ್ಪರ್ಧೆಗೆ ಕಳಿಸುವಾಗ ಅವಳು ಎಡಗಡೆಯಿಂದ ಕತ್ತರಿಸಿ ತೆಗೆದಿದ್ದ ಭಾಗವೂ ಈಗ ಅಷ್ಟಗಲಕ್ಕೆ ಹಾಜರಾಗಿತ್ತು. ಅಲ್ಲೊಂದು ಉದ್ದನೆಯ ಕೊಳವೆ, ಅದರ ತುದಿಯಲ್ಲಿ ಧಗಧಗ ಉರಿಯುವ ಬೆಂಕಿ, ಕೆಳಗೆ ದೊಡ್ಡ ಟ್ಯಾಂಕು, ಟ್ಯಾಂಕಿನ ಮೇಲೆ ತೈಲ ಕಂಪನಿಯ ಹಸಿರೆಲೆ ಗುರುತು. ತೈಲಕ್ಕೂ ಎಲೆಗೂ ಎಲ್ಲಿಯ ನಂಟೋ! ಅದೇ ಹಸಿರೆಲೆ ಸಭಾಂಗಣದ ಬ್ಯಾನರಿನ ಮೇಲೂ ಇತ್ತು, ಅವಳ ಕೊರಳಿಗೆ ಹಾಕಿದ್ದ ಪಾಸಿನ ಮೇಲೂ ಇತ್ತು. ನಿಸರ್ಗ ಛಾಯಾಗ್ರಹಣದ ಪ್ರಶಸ್ತಿ ಕೊಡುತ್ತಿದ್ದದ್ದು ಆ ಕಂಪನಿಯೇ. ಮೊದಲ ಬಹುಮಾನ ಇವಳಿಗೆ.

ಕೊಕ್ಕರೆ ಎಂಬುದು ಛಾಯಾಗ್ರಾಹಕರ ಬಳಗ ಇಟ್ಟ ಹೆಸರು. ಗಂಟೆಗಟ್ಟಲೆ ನೀರಿನಲ್ಲಿ ಅಲ್ಲಾಡದೆ ನಿಲ್ಲುತ್ತಾಳೆಂದು. ಬಳಗದ ಹಿರಿಯರೊಬ್ಬರು ಈ ಸ್ಪರ್ಧೆಗೆ ಫೋಟೊ ಕಳಿಸುವುದೇ ಇಲ್ಲ ಎಂದು ಹಟ ಹಿಡಿದಿದ್ದರು. ಕಡಲಿಗೆ ಮಸಿ ಬಳಿಯುವವರು ಹಾಕುವ ಹಾರ ನನಗೆ ಬೇಡ ಎನ್ನುತ್ತಿದ್ದರು. ದುಡ್ಡು ಯಾರದಾದರೇನು, ಹಕ್ಕಿಯನ್ನು ನಾಲ್ಕು ಜನ ನೋಡಿದರೆ ಸಾಕು ಎಂದು ಇವಳು ಎದುರು ವಾದಿಸಿದ್ದಳು. ಗೆದ್ದವರಿಗೆ ಹಕ್ಕಿಗಳೇ ತುಂಬಿದ ದ್ವೀಪವೊಂದರಲ್ಲಿ ವರ್ಷವಿಡೀ ಫೋಟೊ ತೆಗೆಯುವ ಅವಕಾಶ. ಸುದ್ದಿ ಬಂದಾಗಿನಿಂದ ಅವಳ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಬೆಂಕಿಯನ್ನು ಕತ್ತರಿಸಿದ್ದು ಆಗಾಗ ಚುಚ್ಚುತ್ತಿತ್ತು, ನಿಜ. ಕತ್ತರಿಸುವುದೇನು ಸುಳ್ಳೆ, ಎಲ್ಲರೂ ಕತ್ತರಿಸುತ್ತಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಫೋಟೊಗೆ ‘ಮುಂಜಾವು’ ಎಂದು ಹೆಸರಿಟ್ಟವಳೂ ಅವಳೇ. ಸೂರ್ಯೋದಯದ ಬೆಳಕನ್ನು ಹಿಡಿದ ಬಗೆಯೇ ಬಗೆ ಎಂದು ತೀರ್ಪುಗಾರರು ಹೊಗಳಿದಾಗ ಥ್ಯಾಂಕ್ಸ್ ಹೇಳಿ ಸುಮ್ಮನಾಗಿದ್ದಳು.

ಅಣ್ಣನದು ಫೋಟೊ ಪ್ರಿಂಟಿಂಗ್ ಅಂಗಡಿ. ದೊಡ್ಡ ಸೈಜಿಗೆ ದೊಡ್ಡ ಫೈಲು ಎಂಬುದು ಅವನ ಅಂಗಡಿಯ ಕಾಯಿದೆ. ತಂಗಿಯ ಪೆನ್‌ಡ್ರೈವಿನಲ್ಲಿ ಎರಡು ಫೈಲು ಇದ್ದವು. ದೊಡ್ಡದನ್ನು ಕಣ್ಣುಮುಚ್ಚಿ ಎತ್ತಿಕೊಂಡಿದ್ದ. ಆ ಫೋಟೊ ತೆಗೆಯುವಾಗ ಅವನೂ ಜೊತೆಗೆ ಹೋಗಿದ್ದನಾದರೂ ಪುಣ್ಯಾತ್ಮ ಜೀಪಿನ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದ. ಈಗ ತಪ್ಪು ಗೊತ್ತಾಗಿ ತಲೆ ತಲೆ ಚಚ್ಚಿಕೊಂಡ.

“ಬಿಡು, ಚೀಲದಲ್ಲಿ ಬಿಳಿ ರಟ್ಟಿದೆ. ಎಡಗಡೆ ಅಗಲವಾಗಿ ಕೂರಿಸ್ತೀನಿ, ಬೆಂಕಿ ಮುಚ್ಚಿಹೋಗುತ್ತೆ. ಯಾರಿಗೂ ಗೊತ್ತಾಗಲ್ಲ,” ಎನ್ನುತ್ತ ಸ್ಕೇಲು, ಚಾಕು ತೆಗೆದ.

ಗೋಡೆಯಾಚೆ ಕಂಪನಿಯ ಅಧ್ಯಕ್ಷರ ಭಾಷಣ ನಡೆದಿತ್ತು. ಅದು ಮುಗಿಯುವಷ್ಟು ಹೊತ್ತಿನಲ್ಲಿ ಅಣ್ಣನ ಕೆಲಸವೂ ಮುಗಿಯುತ್ತಿತ್ತು. ಕೊಕ್ಕರೆ ಫೋಟೊ ಮುಂದೆ ನಿಂತೇ ಇದ್ದಳು. ಇಷ್ಟು ದೊಡ್ಡದಾಗಿ ಅವಳೂ ಅದನ್ನು ನೋಡಿರಲಿಲ್ಲ. ಕತ್ತರಿಸಿದ್ದಕ್ಕಿಂತ ಇದು ನೂರು ಪಾಲು ಚೆನ್ನಾಗಿತ್ತು. ಆ ಹೊಂಬಣ್ಣ ಎಲ್ಲಿಂದ ಬಂತೆಂದು ಇದರಲ್ಲಿ ಕಾಣುತ್ತಿತ್ತು.

“ಮುಚ್ಚಬೇಡ ಅಣ್ಣ. ಹೀಗೇ ಇರಲಿ.”

“ಉಣ್ಣೋ ಅನ್ನಕ್ಕೆ ಮಣ್ಣು ಹಾಕ್ಕೋತೀಯಲ್ಲೇ! ದ್ವೀಪ ಬೇಡ್ವಾ ನಿಂಗೆ?”

“ಬೇಕು. ತುಂಬಾ ಬೇಕು,” ಎನ್ನುತ್ತಲೇ ಅವಳು ಚೌಕಟ್ಟಿನ ಒಂದು ತುದಿ ಎತ್ತಿದಳು. ಗೊಣಗಿಕೊಂಡೇ ಅಣ್ಣ ಇನ್ನೊಂದು ತುದಿ ಹಿಡಿದ.

ವೇದಿಕೆಯ ಮೇಲೆ ಪರದೆ ಸರಿಯಿತು. ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು ಫೋಟೊ ಹತ್ತಿರಕ್ಕೆ ಹೋದರು. ಅಲ್ಲಿಗೆ ಮುಗಿಯಿತು ತನ್ನ ಕಥೆ ಎಂದುಕೊಂಡಳು ಕೊಕ್ಕರೆ. ಭಯವಾಗಿತ್ತು, ಆದರೆ ಭಯಕ್ಕಿಂತ ಹೆಚ್ಚಾಗಿ ಕುಣಿಯುವಷ್ಟು ಖುಷಿಯಾಗಿತ್ತು. ಅಷ್ಟರಲ್ಲಿ ಅಧ್ಯಕ್ಷರ ಮುಖ ಅರಳಿತು. ಇದು ನಮ್ಮದೇ ಘಟಕ, ನಮ್ಮದೇ ಜ್ವಾಲೆ ಎಂದು ಮೈಕಿನಲ್ಲಿ ಸಾರಿದರು. ನಮ್ಮ ನೆರೆಯಲ್ಲಿ ಹಕ್ಕಿಗಳು ಎಷ್ಟು ನೆಮ್ಮದಿಯಾಗಿ ಸಂಸಾರ ಮಾಡುತ್ತಿವೆ ನೋಡಿ ಎಂದರು. ಮುಂದಿನ ವರ್ಷದ ಕ್ಯಾಲೆಂಡರಿಗೆ ಇದೇ ಮುಖಪುಟ ಎಂದೂ ಸೇರಿಸಿದರು. ಚಪ್ಪಾಳೆಯೋ ಚಪ್ಪಾಳೆ. ಮುಂದಿನ ಸಾಲಿನಲ್ಲಿದ್ದ ಅಣ್ಣ ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದ. ಕೊಕ್ಕರೆಗೆ ಮೊದಲು ನಗು ಬಂತು, ಅದರ ಬೆನ್ನಿಗೇ ಸಿಟ್ಟು. ಬಚ್ಚಿಟ್ಟರೂ ಬಹುಮಾನ, ಬಿಚ್ಚಿಟ್ಟರೂ ಬಹುಮಾನ.

“ಬೆಳಗ್ಗೆ ಎಷ್ಟು ಹೊತ್ತಿಗೆ ತೆಗೆದಿರಮ್ಮ? ಎಲ್ಲರಿಗೂ ಹೇಳಿ,” ಎಂದು ಅಧ್ಯಕ್ಷರು ಮೈಕು ಅವಳ ಕೈಗಿತ್ತರು.

ಸೂರ್ಯ ಹುಟ್ಟುವ ಹೊತ್ತಿಗೆ ಎಂದು ಒಂದು ಮಾತು ಅಂದುಬಿಟ್ಟರೆ ದ್ವೀಪ ಅವಳದು. ಅಂದುಬಿಡು ಎಂದು ಅಣ್ಣ ಕಣ್ಣಲ್ಲೇ ಬೇಡುತ್ತಿದ್ದ.

“ಬೆಳಗ್ಗೆ ಅಲ್ಲ ಸಾರ್. ಹೆಸರು ತಪ್ಪಿಟ್ಟೆ, ಅದು ನಡುರಾತ್ರಿ,” ಎಂದಳು ಕೊಕ್ಕರೆ. “ನಿಮ್ಮ ಬೆಂಕಿ ಆರೋದೇ ಇಲ್ಲವಲ್ಲ, ಅಲ್ಲಿ ಕತ್ತಲೇ ಆಗಲ್ಲ. ಊರೆಲ್ಲ ಮಲಗಿತ್ತು. ಆ ತಾಯಿಹಕ್ಕಿ ಮಾತ್ರ ಬೆಳಗಾಯ್ತು ಅಂದ್ಕೊಂಡು ಮೀನು ತರ್ತಾನೇ ಇತ್ತು.”