ಟೀಚರ್ ಒತ್ತಿದ ಇಂಟು ಮಾರ್ಕು

ಐದು ನಿಮಿಷ ಪುರುಸೊತ್ತು ಮಾಡಿಕೊಂಡು ಓದಿ... ಓದಿದ ಮೇಲೆ ಒಮ್ಮೆ ನಿಮ್ಮ ಅಡುಗೆಮನೆಯ ಕಡೆ ನೋಡಿ.

ತುಮಕೂರಿನ ಒಂದು ಬಾಡಿಗೆ ಮನೆ. ಅಲ್ಲಿ ವಿನುತಾ ಮತ್ತು ಅವಳ ತಾಯಿ ಸಿದ್ದಗಂಗಮ್ಮ... ಇಬ್ಬರೇ.

ವಿನುತಾ ಒಂದು ಆ್ಯಪ್ ಮೂಲಕ ತೈವಾನಿನ ಮಕ್ಕಳಿಗೆ ಇಂಗ್ಲಿಷ್ ಪದಗಳನ್ನು ಕಲಿಸುತ್ತಿದ್ದಳು. ಆ ಮಕ್ಕಳಿಗೆ ಬರುವುದು ಚೀನೀ ಭಾಷೆ ಮಾತ್ರ. ಇವಳಿಗೋ ಚೀನೀ ಭಾಷೆಯ ಗಂಧಗಾಳಿಯೂ ಇಲ್ಲ!

ಹಾಗಾದರೆ ಕಲಿಸುವುದು ಹೇಗೆ? ನಟಿಸಿ ತೋರಿಸಿ!

'ಸ್ಲೀಪ್' ಅಂದರೆ ಕೈಯನ್ನೇ ದಿಂಬು ಮಾಡಿಕೊಂಡು ಗೊರಕೆ. 'ಹಂಗ್ರಿ' ಅಂದರೆ ಹೊಟ್ಟೆ ಹಿಡಿದುಕೊಂಡು ಸಪ್ಪೆ ಮುಖ. ಮಗು ಹಾಗೆಯೇ ಮಾಡಿ ತೋರಿಸಿದರೆ ಪರದೆಯ ಮೇಲೆ ಹಸಿರು ರೈಟ್ ಮಾರ್ಕು, ತಪ್ಪಿದರೆ ಕೆಂಪು ಇಂಟು ಮಾರ್ಕು.

ಬಾಗಿಲ ಮರೆಯಲ್ಲಿ ನಿಂತು ಸಿದ್ದಗಂಗಮ್ಮ ದಿನವೂ ನೋಡುತ್ತಿದ್ದರು. "ನಮ್ ವಿನು ಎಷ್ಟ್ ಚೆನ್ನಾಗ್ ಮಾಡ್ತಾಳೆ" ಎಂದು ಸೆರಗನ್ನು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಹೆತ್ತವರಿಗೆ ಹೆಗ್ಗಣವೂ ಮುದ್ದು ಅಲ್ಲವೇ...

ಫ್ಯಾನಿನ ಸದ್ದು ಮೈಕಿಗೆ ಬೀಳುತ್ತದೆಂದು ಪಾಠದ ಹೊತ್ತಿನಲ್ಲಿ ಫ್ಯಾನ್ ಬಂದ್. ಮಗಳು ಬೆವರಿನಲ್ಲಿ ತೊಯ್ದು ಹೋಗುವುದನ್ನು ಕಂಡು ತಾಯಿಯ ಕರುಳು ಚುರುಕ್ ಎನ್ನುತ್ತಿತ್ತು.

ಆದರೆ "ಕ್ಯಾಮೆರಾ ಮುಂದೆ ಮಾತ್ರ ಬರಬೇಡಮ್ಮ" ಎಂದು ಮಗಳ ಕಟ್ಟಪ್ಪಣೆ!

ಯಾಕೆ ಗೊತ್ತೇ? ಆ್ಯಪ್‌ನಲ್ಲಿ ಅವಳು 'ಟೀಚರ್ ವಿವಿಯನ್'. ಸುಣ್ಣ ಉದುರಿದ ಗೋಡೆಗೆ ಪುಸ್ತಕದ ಕಪಾಟಿನ ಚಿತ್ರ ಅಂಟಿಸಿಕೊಂಡಿದ್ದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂತಾರಲ್ಲ, ಹಾಗೆ.

ಅವಳಿಗೆ ಬೇಕಿದ್ದದ್ದು ಒಂದೇ... ಪರ್ಮನೆಂಟ್ ಕೆಲಸ. ಅದಕ್ಕೆ ಪಿನ್-ಯೂ ಎಂಬ ಏಳು ವರ್ಷದ ಹುಡುಗಿಯ ತಾಯಿ ಒಳ್ಳೆಯ ರೇಟಿಂಗ್ ಕೊಡಬೇಕಿತ್ತು. ಆ ತಾಯಿಗೆ ಅಷ್ಟಿಷ್ಟು ಇಂಗ್ಲಿಷ್ ಬರುತ್ತಿತ್ತು. ಮಗಳ ಪಕ್ಕದಲ್ಲೇ ಕುಳಿತು ಪಾಠ ನೋಡುತ್ತಿದ್ದಳು.

ಒಂದು ಸಂಜೆ ಸಿದ್ದಗಂಗಮ್ಮನಿಗೆ ತಡೆಯಲಾಗಲಿಲ್ಲ. ನೋವಿನ ಎಡಗಾಲು ಎಳೆದುಕೊಂಡು ಒಳಗೆ ಬಂದರು. ಜೀರಿಗೆ ನೀರಿನ ಲೋಟ ಇಟ್ಟು, ಮಗಳ ಹಣೆಯನ್ನು ಸೆರಗಿನಿಂದ ಒರೆಸಿ, ಸದ್ದಿಲ್ಲದೆ ಹೊರಟುಹೋದರು.

"ಅವರು ಯಾರು?" ಎಂದು ಪಿನ್-ಯೂ ತಾಯಿ ಇಂಗ್ಲಿಷಿನಲ್ಲಿ ಕೇಳಿದಳು.

ವಿನುತಾಳ ಕಣ್ಣ ಮುಂದೆ ಆ ಮಾಸಿದ ಸೀರೆ ಬಂತು... ಪರ್ಮನೆಂಟ್ ಕೆಲಸ ಬಂತು...

"ಸರ್ವೆಂಟ್" ಎಂದುಬಿಟ್ಟಳು.

ಪಿನ್-ಯೂಗೆ ಆ ಪದ ಹೊಸದು. ಹೊಸ ಪದ ಬಂದರೆ ನಟಿಸಿ ತೋರಿಸಲೇಬೇಕು, ಅದು ಆ್ಯಪ್‌ನ ನಿಯಮ.

ವಿನುತಾ ಎದ್ದಳು. ಕಸ ಗುಡಿಸಿದಳು, ಪಾತ್ರೆ ತಿಕ್ಕಿದಳು... ಯಾರೂ ನಗಲಿಲ್ಲ. ಆಗ ಬೆನ್ನು ಬಗ್ಗಿಸಿ, ಕೈಯಲ್ಲಿ ಲೋಟ ಹಿಡಿದು, ಎಡಗಾಲು ಎಳೆಯುತ್ತಾ ಕುಂಟಿದಳು.

ಪಿನ್-ಯೂ ತಾಯಿ ಬಿದ್ದು ಬಿದ್ದು ನಕ್ಕಳು. ವಿನುತಾ ಇನ್ನೊಂದು ಸುತ್ತು ಕುಂಟಿದಳು.

ಬಾಗಿಲಲ್ಲಿ ಸಿದ್ದಗಂಗಮ್ಮ ನಿಂತಿದ್ದರು. ಇಂಗ್ಲಿಷ್ ಬರದಿದ್ದರೇನು... ತನ್ನ ನಡಿಗೆ ತನಗೆ ಗೊತ್ತಾಗುವುದಿಲ್ಲವೇ?

ಊಟಕ್ಕೆ ಬಡಿಸುವಾಗ ಅವರು ಕೇಳಿದ್ದು ಒಂದೇ ಮಾತು. "ಆ ಮಗೂಗೆ ಖುಷಿ ಆಯ್ತೇನಮ್ಮ?"

"ಹೂಂ ಅಮ್ಮ, ಅವರಮ್ಮನೂ ನಕ್ಕಿದ್ದೇ ನಕ್ಕಿದ್ದು!" ಅಮ್ಮನಿಗೆ ಏನೂ ತಿಳಿದಿಲ್ಲವೆಂದುಕೊಂಡು ವಿನುತಾ ಇನ್ನೊಂದು ಮುದ್ದೆ ಹಾಕಿಸಿಕೊಂಡಳು.

ಮುಂದಿನ ವಾರ ಕುಟುಂಬದ ಪಾಠ. ಫಾದರ್ ಆಯಿತು, ಬ್ರದರ್ ಆಯಿತು...

"ಮದರ್?" ಎಂದು ಕೇಳಿದಳು ಟೀಚರ್.

ಪಿನ್-ಯೂ ಎದ್ದು ಹೋಗಿ ಒಂದು ಲೋಟ ತಂದಳು. ಎಡಗಾಲು ಎಳೆಯುತ್ತಾ ಬಂದಳು. ತನ್ನ ಗೊಂಬೆಯ ಮುಂದೆ ಲೋಟ ಇಟ್ಟು, ಟವೆಲ್ಲಿನ ತುದಿಯಿಂದ ಅದರ ಹಣೆಯನ್ನು ಮೆತ್ತಗೆ ಒರೆಸಿದಳು.

"ಮದರ್" ಎಂದಳು.

ವಿನುತಾಳ ಬೆರಳು ರೈಟ್ ಮಾರ್ಕಿನ ಹತ್ತಿರ ಹೋಗಿ ನಿಂತಿತು. ಪಿನ್-ಯೂ ತಾಯಿ ಪಕ್ಕದಲ್ಲೇ ಇದ್ದಾಳೆ. ಸರಿ ಅಂದರೆ ಹೋದ ವಾರದ ಸುಳ್ಳು ಬಯಲಾಗುತ್ತದೆ...

"ನೋ! ಸರ್ವೆಂಟ್!" ಎಂದು ಇಂಟು ಮಾರ್ಕು ಒತ್ತಿದಳು.

ಮಗು ಒಪ್ಪಲಿಲ್ಲ. ಗೊಂಬೆಯ ಹಣೆಯನ್ನು ಮತ್ತೆ ಒರೆಸಿತು. "ಮದರ್..." ಎನ್ನುವಾಗ ಅದರ ಕಣ್ಣು ತುಂಬಿತ್ತು.

ವಿನುತಾ ಮತ್ತೆ ಇಂಟು ಮಾರ್ಕು ಒತ್ತಿದಳು.

ಪಾಠ ಮುಗಿಯುತ್ತಲೇ ಮೆಸೇಜ್ ಬಂತು... ಫೈವ್ ಸ್ಟಾರ್! ಕೆಲಸ ಪರ್ಮನೆಂಟ್!

"ಅಮ್ಮಾ!" ಎಂದು ಅಡುಗೆಮನೆಗೆ ಓಡಿದಳು. ಅಲ್ಲಿ ಯಾರೂ ಇರಲಿಲ್ಲ. ಒಲೆ ಒರೆಸಿತ್ತು. ಜೀರಿಗೆ ನೀರಿನ ಲೋಟ ತೊಳೆದು ಬೋರಲು ಹಾಕಿತ್ತು. ಮೊಳೆಗೆ ನೇತುಹಾಕಿದ್ದ ಅಮ್ಮನ ಕೈಚೀಲ ಇರಲಿಲ್ಲ.

ಊರೆಲ್ಲ ಹುಡುಕಿದ ಮೇಲೆ ಮರುದಿನ ಸಿಕ್ಕಿದ್ದು, ಹೆಣ್ಣುಮಕ್ಕಳ ಹಾಸ್ಟೆಲೊಂದರ ಅಡುಗೆಮನೆಯಲ್ಲಿ.

"ಮನೆಗೆ ನಡಿಯಮ್ಮ. ನಂಗೆ ಪರ್ಮನೆಂಟ್ ಆಯ್ತು. ಇನ್ಮೇಲೆ ನಿನ್ನ ರಾಣಿ ಥರ ನೋಡ್ಕೋತೀನಿ..."

ಸಿದ್ದಗಂಗಮ್ಮ ಸೌಟು ಕೆಳಗಿಡಲಿಲ್ಲ.

"ನಂಗೆ ನಿನ್ ಇಂಗ್ಲಿಷ್ ಬರಲ್ಲ ಕಣಮ್ಮ. ಕೆಂಪು ಬಂದ್ರೆ ತಪ್ಪು ಅನ್ನೋದು ಮಾತ್ರ ಗೊತ್ತು. ನಿನ್ನೆ ಬಾಗಿಲಲ್ಲೇ ನಿಂತಿದ್ದೆ. ಆ ಮಗು ಸರಿಯಾಗೇ ಮಾಡ್ತು... ನೀನು ತಪ್ಪು ಅಂತ ಒತ್ತಿದೆ. ಅಳ್ತಾ ಹೇಳಿದ್ರೂ ಒತ್ತಿದೆ."

"ಕೆಲಸಕ್ಕೋಸ್ಕರ ಅಮ್ಮ... ತಪ್ಪಾಯ್ತು..."

"ನಾನೂ ಕೆಲಸಕ್ಕೇ ಬಂದಿರೋದು. ಕೆಲಸದವಳು ಅಂದ್ಮೇಲೆ ಎಲ್ಲಿದ್ರೇನು? ಇಲ್ಲಿ ಕೆಲಸದವಳನ್ನ ಅಜ್ಜೀ ಅಂತಾರೆ."

ಸಾರಿನ ಬಕೆಟ್ ಹಿಡಿದು, ಕಾಲು ಎಳೆಯುತ್ತಾ ಹೊರಟರು. ಒಬ್ಬ ಹುಡುಗಿ ಓಡಿ ಬಂದು "ಕೊಡಿ ಅಜ್ಜಿ" ಎಂದು ಬಕೆಟ್ ಇಸಿದುಕೊಂಡಳು.

ಸಿದ್ದಗಂಗಮ್ಮ ಬಾಗಿಲಲ್ಲಿ ಒಮ್ಮೆ ತಿರುಗಿದರು. "ಊಟದ ಹೊತ್ತು. ಉಂಡ್ಕೊಂಡು ಹೋಗಿ, ಮೇಡಂ."

ಆ 'ಮೇಡಂ' ಕೇಳಿ ವಿನುತಾ ಅಲ್ಲೇ ಕುಸಿದು ಅತ್ತಳು. ಸಿದ್ದಗಂಗಮ್ಮ ತಿರುಗಿ ಬರಲಿಲ್ಲ.

ವಿನುತಾ ಈಗಲೂ ಪರ್ಮನೆಂಟ್ ಟೀಚರ್. ಹೊಸ ಮಗು ಬಂದಾಗಲೆಲ್ಲ 'ಮದರ್' ಎಂಬ ಪದವೂ ಬರುತ್ತದೆ. ಎದ್ದು ನಟಿಸಲೇಬೇಕು...

ಅವಳು ಲೋಟ ಹಿಡಿಯುತ್ತಾಳೆ, ಎಡಗಾಲು ಎಳೆಯುತ್ತಾಳೆ. ಬೆವರು ಕಣ್ಣಿಗೆ ಇಳಿಯುತ್ತದೆ. ಒರೆಸುವವರು ಯಾರೂ ಇಲ್ಲ.

ಹೆತ್ತವಳನ್ನು 'ಅಮ್ಮ' ಎನ್ನಲು ನಾಚಿದವರಿಗೆ ಲೋಕದ ಪದಗಳೆಲ್ಲ ಬಂದರೂ ಅವರು ಮೂಕರೇ.

ನಾಳೆ ನಿಮ್ಮ ವಿಡಿಯೋ ಕಾಲ್ ನಡುವೆ ಅಮ್ಮ ಅಡ್ಡ ಬಂದರೆ... "ಅವರು ಯಾರು?" ಎಂದು ಕೇಳಿದವರಿಗೆ ನೀವು ಏನು ಹೇಳುತ್ತೀರಿ?